ಹನ್ನೊಂದನೆಯ ಸೀಟು

ನಮ್ಮ ಮೊಮ್ಮಗಳ ಟೀಮಿಗೆ ಹನ್ನೊಂದು ಜನ ಆದರು! ಶುಕ್ರವಾರ ಮಧ್ಯಾಹ್ನ ಶಾಲೆಯ ಟೀಚರು ಹನ್ನೊಂದು ಒಪ್ಪಿಗೆ ಪತ್ರಗಳನ್ನೂ ಎಣಿಸಿ, ಪಿನ್ ಹೊಡೆದು, ಈ ವರ್ಷ ಹುಡುಗಿಯರ ಫುಟ್‌ಬಾಲ್ ಟೀಮು ಆಡುತ್ತದೆ ಎಂದು ಹೇಳಿಬಿಟ್ಟರು. ನಮ್ಮ ಹುಡುಗಿ ಗೋಲಿ, ಅಂದರೆ ಗೋಲಿನ ಮುಂದೆ ನಿಂತು ಚೆಂಡು ತಡೆಯುವವಳು. ಶಾಲೆಯ ವ್ಯಾನಿನಿಂದ ಇಳಿದವಳು ಬ್ಯಾಗನ್ನು ಗೇಟಿನ ಹತ್ತಿರವೇ ಎಸೆದು, ಶೂ ಕೂಡ ಬಿಚ್ಚದೆ ಅಡುಗೆಮನೆಗೆ ನುಗ್ಗಿ ನನ್ನನ್ನು ಸೊಂಟ ಹಿಡಿದು ಎತ್ತಿಬಿಟ್ಟಳು. ನನ್ನ ಕೈಯಲ್ಲಿ ಒಗ್ಗರಣೆಗೆಂದು ಇಟ್ಟುಕೊಂಡ ಸಾಸಿವೆ ಡಬ್ಬಿ ಇತ್ತು. ಸಾಸಿವೆಯೆಲ್ಲ ನೆಲದ ಪಾಲಾಯಿತು. ಬೇರೆ ದಿನವಾಗಿದ್ದರೆ ಮನೆ ಹಾರಿಹೋಗುವ ಹಾಗೆ ಕೂಗುತ್ತಿದ್ದೆ. ಅವತ್ತು ಆ ಸಾಸಿವೆಯನ್ನು ತುಳಿದುಕೊಂಡೇ ಇಬ್ಬರೂ ಕುಣಿದೆವು.

"ಅಜ್ಜಿ, ವೀ ಗಾಟ್ ಇಲೆವೆನ್! ಇಲೆವೆನ್ ಲಾ, ಅಜ್ಜಿ!" ಎನ್ನುತ್ತಾಳೆ. ಅವಳಿಗೆ ನಾನು ಮಾತಾಡುವ ಕನ್ನಡ ಒಂದಕ್ಷರ ಬಿಡದೆ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ನನಗೆ ಅವಳ ಇಂಗ್ಲಿಷು ಅರ್ಧ ಅರ್ಥವಾಗುತ್ತದೆ, ಉಳಿದರ್ಧ ಅವಳ ಮುಖದಲ್ಲಿ ಇರುತ್ತದೆ. ಅವತ್ತು ಮುಖವೊಂದೇ ಸಾಕಾಗಿತ್ತು.

ಹಾಲಿನಲ್ಲಿ ಕೂತಿದ್ದ ನಮ್ಮ ಯಜಮಾನರು ಮೈಸೂರಿನಲ್ಲಿ ಸಿಟಿ ಬಸ್ಸಿನ ಕಂಡಕ್ಟರಾಗಿದ್ದವರು. ರಿಟೈರಾಗಿ ಎಷ್ಟೋ ವರ್ಷವಾದರೂ ಎಲ್ಲಿಗೆ ಹೋದರೂ ತಲೆ ಎಣಿಸುತ್ತಾರೆ. ಎರಡು ವಾರದಿಂದ ಅವರ ಬಾಯಲ್ಲಿ ಒಂದೇ ಮಾತು: "ಸೀಟು ಖಾಲಿ ಇಟ್ಕೊಂಡು ರೈಟ್ ಹೇಳೋ ಹಾಗಿಲ್ಲ ಕಣಮ್ಮ." ಈಗ ಅವರು ಕುರ್ಚಿಯ ತೋಳಿನ ಮೇಲೆ ಪಟಪಟನೆ ಬಡಿದು, "ಫುಲ್ ಆಯ್ತು! ರೈಟ್! ರೈಟ್!" ಎಂದು ಕೂಗಿದ ಕೂಗು ಪಕ್ಕದ ಮನೆಗೆ ಕೇಳಿರಬೇಕು. ಕೇಳಲಿ ಅಂತಲೇ ಕೂಗಿದ್ದು. ಹನ್ನೊಂದನೆಯವಳು ಪಕ್ಕದ ಮನೆಯವಳೇ.

ಇಷ್ಟು ಸಂತೋಷ ಯಾಕೆ ಎಂದು ಓದುವವರು ಕೇಳಬಹುದು. ಹೇಳುತ್ತೇನೆ. ನಾನು ನಾಲ್ಕನೆಯ ಕ್ಲಾಸಿನವರೆಗೆ ಓದಿದವಳು, ಅಂದವಾಗಿ ಬರೆಯಲು ಬರುವುದಿಲ್ಲ, ಬಾಯಲ್ಲಿ ಹೇಳಿದ ಹಾಗೆಯೇ ಬರೆಯುತ್ತೇನೆ.

ನಾವಿರುವುದು ಮಲೇಷಿಯಾದ ಕ್ಲಾಂಗ್ ಊರಿನಲ್ಲಿ. ನಮ್ಮ ಮಗನಿಗೆ ಕ್ಲಾಂಗ್ ಬಂದರಿನ ಹಡಗು ಕಂಪನಿಯೊಂದರಲ್ಲಿ ಕೆಲಸ. ಸೊಸೆ ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕೂತು ಕೆಲಸ ಮಾಡುತ್ತಾಳೆ. ದೊಡ್ಡ ಮೊಮ್ಮಗ ಮೆಲಾಕಾದಲ್ಲಿ ಡಾಕ್ಟರಿಕೆ ಓದುತ್ತಿದ್ದಾನೆ. ಚಿಕ್ಕವಳು ಇವಳು, ಹದಿಮೂರು ವರ್ಷ, ಮೊಣಕಾಲಿನ ಮೇಲೆ ಯಾವಾಗಲೂ ಒಂದು ಗಾಯ.

ನಾವು ಗಂಡಹೆಂಡತಿ ಇಲ್ಲಿಗೆ ಬಂದ ಮೊದಲ ವರ್ಷ ನಾನೂ ಬೈದದ್ದು ಉಂಟು. ಕಾರು ನಿಲ್ಲಿಸುವ ಜಾಗದಲ್ಲಿ ಚೆಂಡನ್ನು ಗೋಡೆಗೆ ಒದೆಯುವುದು, ಅದು ವಾಪಸ್ಸು ಬಂದಾಗ ನೆಲಕ್ಕೆ ಬಿದ್ದು ಹಿಡಿಯುವುದು, ಇದೇ ಅವಳ ಆಟ. "ಹೆಣ್ಣು ಹುಡುಗಿ ಹೀಗೆ ನೆಲಕ್ಕೆ ಬೀಳ್ತಾರೇನೇ? ಎದ್ದು ಒಳಗೆ ಬಾ" ಎನ್ನುತ್ತಿದ್ದೆ. ಅವಳು ಎದ್ದು, ಕೈ ಒರೆಸಿಕೊಂಡು, ಮತ್ತೆ ಬೀಳುತ್ತಿದ್ದಳು. ನನ್ನ ಬಾಯಿ ಮುಚ್ಚಿಸಿದ್ದು ಅವಳಲ್ಲ, ಸ್ಪೇನ್ ದೇಶದ ಒಂದಿಷ್ಟು ಹೆಂಗಸರು.

ಆ ದೇಶದ ಒಂದು ಊರಿನಲ್ಲಿ ಹೆಂಗಸರ ಫುಟ್‌ಬಾಲ್ ಕ್ಲಬ್ಬು ಇದೆ. ನಮ್ಮ ಹುಡುಗಿಗೆ ಅದರ ಹುಚ್ಚು. ಆ ಕ್ಲಬ್ಬಿನ ಫೋಟೋಗಳನ್ನು ಬೀರುವಿನ ಬಾಗಿಲಿನ ಒಳಮೈಗೆಲ್ಲ ಅಂಟಿಸಿಕೊಂಡಿದ್ದಾಳೆ. ಅಲ್ಲಿ ಆಟವಾದ ಮರುದಿನ ಬೆಳಗ್ಗೆ ಫೋನಿನಲ್ಲಿ ಹಾಕಿಕೊಂಡು ನೋಡುತ್ತಾಳೆ. ಮಧ್ಯಾಹ್ನ ಶಾಲೆಯಿಂದ ಬಂದವಳು ಊಟ ಮಾಡಿ, ನಾನು ಸೊಪ್ಪು ಬಿಡಿಸುತ್ತಲೋ ಚಿಕ್ಕ ಈರುಳ್ಳಿ ಸುಲಿಯುತ್ತಲೋ ಕೂತಿದ್ದರೆ ಬಂದು ಪಕ್ಕದಲ್ಲಿ ಕಾಲು ಚಾಚುತ್ತಾಳೆ. ಹೀಗೆ ಒಂದು ದಿನ ಆ ಕ್ಲಬ್ಬಿನ ಕತೆ ಶುರು ಮಾಡಿದಳು.

ನನಗೆ ಕತೆ ಕೇಳುವುದು ಚೆನ್ನಾಗಿ ಗೊತ್ತು. ಮದುವೆಗೆ ಮುಂಚೆ ಮೈಸೂರಿನಲ್ಲಿ ಗಂಧದಕಡ್ಡಿ ಹೊಸೆಯುವ ಕೆಲಸ ಮಾಡುತ್ತಿದ್ದೆ. ಒಂದು ಉದ್ದ ಕೋಣೆಯಲ್ಲಿ ಹತ್ತು ಹದಿನೈದು ಜನ ಹೆಂಗಸರು, ಒಬ್ಬೊಬ್ಬರ ಮುಂದೆ ಒಂದೊಂದು ಮಣೆ. ಕಣ್ಣು ಕೈ ಎರಡೂ ಕಡ್ಡಿಯ ಮೇಲೆ ಇರಬೇಕು, ಕಿವಿ ಮಾತ್ರ ನಮ್ಮದು. ದಿನಕ್ಕೊಬ್ಬರು ಕತೆ ಹೇಳಬೇಕು, ಮರುದಿನ ಅದನ್ನು ಬಿಟ್ಟ ಕಡೆಯಿಂದ ಬೇರೆಯವಳು ಎತ್ತಿಕೊಳ್ಳಬೇಕು. ಹಾಗಾಗಿ ಒಂದು ಸಲ ಕೇಳಿದರೆ ನನಗೆ ಮರೆಯುವುದಿಲ್ಲ. ಸ್ಪೇನಿನ ಆ ಹೆಂಗಸರ ಕತೆಯನ್ನೂ ಹಾಗೆಯೇ ಒಳಗೆ ಇಟ್ಟುಕೊಂಡೆ. ಸಂಜೆ ಪಾರ್ಕಿನಲ್ಲಿ ನಡೆಯುವಾಗ ಯಜಮಾನರಿಗೆ ಹೇಳುತ್ತಿದ್ದೆ.

ಮೊದಲು ಅವರಿಗೆ ಮೈದಾನವೇ ಇರಲಿಲ್ಲವಂತೆ. ಗಂಡಸರು ಆಡಿ ಬಿಟ್ಟ ಮೇಲೆ, ಹುಲ್ಲಿಲ್ಲದ ಒಂದು ಮಣ್ಣಿನ ಜಾಗ ಇವರಿಗೆ. ಆಟಕ್ಕೆ ಮುಂಚೆ ಎಲ್ಲರೂ ಒಂದು ಸಾಲಿನಲ್ಲಿ ಬಗ್ಗಿ ಕಲ್ಲು ಆರಿಸಿಕೊಂಡು ಹೋಗುತ್ತಿದ್ದರಂತೆ. ಇದನ್ನು ಕೇಳಿದಾಗ ನನ್ನ ಕೈಯಲ್ಲಿ ಅವರೆಕಾಳಿತ್ತು. "ನಾವು ಅಕ್ಕಿಯಲ್ಲಿ ಆರಿಸೋ ಹಾಗಾ?" ಎಂದೆ. "ಎಕ್ಸಾಕ್ಟ್ಲಿ, ಅಜ್ಜಿ" ಎಂದಳು. ಹುಡುಗರು ಹಾಕಿ ಬಿಟ್ಟ ಹಳೆಯ ಜೆರ್ಸಿಗಳು, ಇವರಿಗೆ ಮೊಣಕಾಲಿನವರೆಗೆ ಬರುತ್ತಿದ್ದವಂತೆ. ಒಬ್ಬಳು ಮೀನಿನ ಅಂಗಡಿಯವಳು, ಒಬ್ಬಳು ಬಟ್ಟೆ ಹೊಲಿಯುವವಳು, ಇಬ್ಬರು ಕಾಲೇಜಿನವರು. ಊರಿನವರು ನೋಡಲು ಬರುತ್ತಿದ್ದದ್ದು ನಗುವುದಕ್ಕೆ. ಆಡುತ್ತಾ ಆಡುತ್ತಾ ನಗುವವರು ಕಡಿಮೆಯಾದರಂತೆ.

ಆ ಜೆರ್ಸಿಗಳನ್ನು ಒಗೆಯುವುದು ಯಾರು? ಕ್ಲಬ್ಬಿಗೆ ಆಳಿಲ್ಲ. ಅದಕ್ಕೆ ಸರದಿ. ಪ್ರತಿ ಆಟವಾದ ಮೇಲೆ ಎಲ್ಲರ ಜೆರ್ಸಿಯನ್ನೂ ಒಂದು ದೊಡ್ಡ ಚೀಲಕ್ಕೆ ತುಂಬಿ ಒಬ್ಬಳು ಮನೆಗೆ ಹೊತ್ತುಕೊಂಡು ಹೋಗಬೇಕು, ಒಗೆದು ಒಣಗಿಸಿ ತರಬೇಕು. ಗೆದ್ದಿರಲಿ, ಸೋತಿರಲಿ, ಚೀಲ ಮಾತ್ರ ತಪ್ಪುವುದಿಲ್ಲ. ಇದು ನನಗೆ ಬಹಳ ಹಿಡಿಸಿತು. ಗೋಲು ಹೊಡೆದವಳೂ ಚೀಲ ಹೊರಬೇಕು, ಹೊಡೆಯದವಳೂ ಹೊರಬೇಕು.

ಆಮೇಲೆ ಗಂಡಸರ ದೊಡ್ಡ ಕ್ಲಬ್ಬೊಂದು ಇವರನ್ನು ತನ್ನ ಹೆಸರಿಗೆ ಸೇರಿಸಿಕೊಂಡಿತು. ಒಳ್ಳೆಯ ಬಟ್ಟೆ ಬಂತು, ಹುಲ್ಲಿನ ಮೈದಾನ ಬಂತು. ಕೆಲವು ವರ್ಷವಾದ ಮೇಲೆ ಆ ದೊಡ್ಡ ಕ್ಲಬ್ಬಿನವರಿಗೆ ಕೈ ಬಿಗಿಯಾಯಿತು, ಮೊದಲು ನೆನಪಾದದ್ದು ಈ ಹೆಂಗಸರೇ. ನೀವಿನ್ನು ಹೊರಡಿ ಎಂದರು. ಅರ್ಧ ಜನ ಆಟ ಬಿಟ್ಟರು. ಉಳಿದವರು ತಮ್ಮದೇ ಹೆಸರಿಟ್ಟುಕೊಂಡು ಆ ಹಳೆಯ ಮಣ್ಣಿನ ಜಾಗಕ್ಕೆ ವಾಪಸ್ಸು ಹೋಗಿ ಮತ್ತೆ ಕಲ್ಲು ಆರಿಸಿದರು. ಕೆಳಗಿನ ಡಿವಿಷನ್ನಿಗೆ ಬಿದ್ದರು. ಮತ್ತೆ ಹತ್ತಿದರು. ಮತ್ತೊಂದು ಸಲ ಬಿದ್ದರು, ಮತ್ತೆ ಹತ್ತಿದರು. "ಇದೇನೇ, ನೀನು ಗೇಟಿನ ಹತ್ರ ಬಿದ್ದೆದ್ದು ಮಾಡ್ದಂಗೆ" ಎಂದು ನಾನು ಹೇಳಿದ್ದಕ್ಕೆ ಅವಳು ಈರುಳ್ಳಿ ಸಿಪ್ಪೆಯನ್ನು ನನ್ನ ತಲೆಯ ಮೇಲೆ ಸುರಿದಳು.

ಈಗ ಅವರ ಮೈದಾನ ತುಂಬಿ ತುಳುಕುತ್ತದೆ. ಫೋನಿನಲ್ಲಿ ನಾನೇ ನೋಡಿದೆ. ಒಂದು ಆಟಕ್ಕೆ ಮುಂಚೆ, ಮೊದಲನೆಯ ಟೀಮಿನಲ್ಲಿ ಆಡಿದ್ದ ಒಬ್ಬಾಕೆಯನ್ನು ಕರೆಸಿದ್ದರು. ನನ್ನ ವಯಸ್ಸೇ ಇರಬೇಕು. ಬಿಳಿ ಕೂದಲು, ಉದ್ದನೆಯ ಕೋಟು, ಕೈಯಲ್ಲಿ ವ್ಯಾನಿಟಿ ಬ್ಯಾಗು. ಆ ಬ್ಯಾಗನ್ನು ಪಕ್ಕದವಳ ಕೈಗೆ ಕೊಟ್ಟು, ಕೋಟನ್ನು ಸ್ವಲ್ಪ ಎತ್ತಿಕೊಂಡು, ಚೆಂಡನ್ನು ಒಂದು ಒದ್ದರು ನೋಡಿ! ಆ ಜನವೆಲ್ಲ ಎದ್ದು ನಿಂತಿತು. ನಾನೂ ಈಳಿಗೆಮಣೆ ಪಕ್ಕಕ್ಕೆ ಸರಿಸಿ ಎದ್ದು ನಿಂತೆ. ಯಾಕೆ ಎದ್ದೆ ಎಂದು ಕೇಳಿದರೆ ಗೊತ್ತಿಲ್ಲ.

ಆದರೆ ನನ್ನ ಎದೆಗೆ ನೇರವಾಗಿ ಬಂದು ಕೂತದ್ದು ಇನ್ನೊಂದು. ಟೀಮು ಕಟ್ಟುವಾಗ ಅವರಿಗೂ ಹುಡುಗಿಯರು ಸಾಲದೆ ಹೋಯಿತಂತೆ. ಆಟ ಹೇಳಿಕೊಡುತ್ತಿದ್ದ ಹೆಂಗಸು ಮನೆಮನೆಗೆ ಹೋಗಿ, ಅಡುಗೆಮನೆಯಲ್ಲಿ ತಾಯಂದಿರ ಎದುರು ಕೂತು, ಅವರು ಕೊಟ್ಟ ಕಾಫಿ ಕುಡಿದು, ನಿಮ್ಮ ಮಗಳನ್ನು ಕಳಿಸಿ ಎಂದು ಕೇಳುತ್ತಿದ್ದಳಂತೆ. ಒಂದು ಮನೆಗೆ ಮೂರು ಸಲ ಹೋದಳಂತೆ. ನನ್ನನ್ನು ನಾಲ್ಕನೆಯ ಕ್ಲಾಸಿಗೆ ಬಿಡಿಸಿದಾಗ ನಮ್ಮ ಮೇಷ್ಟ್ರು ಒಂದು ಸಲ ಬಂದು ಅಪ್ಪನನ್ನು ಕೇಳುತ್ತಾರೆ ಎಂದು ನಾನು ಹಲವು ದಿನ ಬಾಗಿಲಿನಲ್ಲಿ ನಿಂತಿದ್ದೆ. ಕೇಳಿದ್ದರೆ ಅಪ್ಪ ಬಿಡುತ್ತಿದ್ದರೋ ಏನೋ. ಯಾರೂ ಬರಲಿಲ್ಲ. ಬೇಜಾರಿಗೆ ಹೇಳುತ್ತಿಲ್ಲ, ಮುಂದಿನದು ನಿಮಗೆ ತಿಳಿಯಲಿ ಎಂದು ಹೇಳಿದೆ.

ಎರಡು ವಾರದ ಹಿಂದೆ ನಮ್ಮ ಹುಡುಗಿ ಶಾಲೆಯಿಂದ ಬಂದವಳು ಊಟಕ್ಕೆ ಕೂರಲಿಲ್ಲ. ಹುಡುಗಿಯರ ಟೀಮು ಬೇಕೆಂದು ಅವಳೂ ಅವಳ ಗೆಳತಿಯರೂ ಟೀಚರನ್ನು ಕಾಡಿ ಕಾಡಿ ಒಪ್ಪಿಸಿದ್ದರು. ಟೀಚರು ಒಂದು ಮಾತು ಹೇಳಿದ್ದರು: ಎರಡು ವಾರದೊಳಗೆ, ಶುಕ್ರವಾರದ ಹೊತ್ತಿಗೆ ಹನ್ನೊಂದು ಹುಡುಗಿಯರ ಮನೆಯಿಂದ ಒಪ್ಪಿಗೆ ಪತ್ರ ಬರಬೇಕು, ಇಲ್ಲದಿದ್ದರೆ ಈ ವರ್ಷ ಟೀಮಿಲ್ಲ. ಇದ್ದದ್ದು ಎಂಟು ಜನ. ಇವಳು ಶಾಲೆಯೆಲ್ಲ ಸುತ್ತಿ ಇನ್ನಿಬ್ಬರನ್ನು ಹಿಡಿದು ತಂದಳು. ಹತ್ತಾಯಿತು. ಅಲ್ಲಿಗೆ ನಿಂತಿತು.

ಹನ್ನೊಂದನೆಯವಳು ಯಾರಾಗಬೇಕೆಂದು ಎಲ್ಲರಿಗೂ ಗೊತ್ತಿತ್ತು. ಪಕ್ಕದ ಮನೆಯ ತಮಿಳರ ಹುಡುಗಿ, ಇವಳದೇ ಕ್ಲಾಸು. ಓಡಿದರೆ ಕಾಲು ನೆಲಕ್ಕೆ ತಾಗುವುದು ಕಾಣಿಸುವುದಿಲ್ಲ. ಅವಳಿಗೂ ಆಸೆ. ಅವಳ ತಾಯಿ ಆಸ್ಪತ್ರೆಯಲ್ಲಿ ನರ್ಸು, ಹೊತ್ತುಗೊತ್ತಿಲ್ಲದ ಡ್ಯೂಟಿ. ತಂದೆ ಸಿಂಗಾಪುರದಲ್ಲಿ. ಮನೆಯಲ್ಲಿ ನಡೆಯುವುದು ಪಾಟಿಯ ಮಾತು, ಅಂದರೆ ಅವಳ ಅಜ್ಜಿಯ ಮಾತು. ಪಾಟಿ ಒಂದೇ ಸಲಕ್ಕೆ ಬೇಡ ಎಂದುಬಿಟ್ಟಿದ್ದರು. ಬಿಸಿಲಿಗೆ ಕಪ್ಪಾಗುತ್ತಾಳೆ, ಕಾಲು ಮುರಿದರೆ ಯಾರು ನೋಡುತ್ತಾರೆ, ಹುಡುಗರ ಆಟ ನಮಗೆ ಬೇಡ.

ಗಡುವಿನ ವಾರದ ಬುಧವಾರ ಬಂತು. ನಮ್ಮ ಹುಡುಗಿ ಬೀರು ತೆಗೆದು, ಬಾಗಿಲಿನ ಫೋಟೋಗಳನ್ನು ಒಂದೊಂದಾಗಿ ಕೀಳಲು ಶುರು ಮಾಡಿದ್ದಳು. ನಾನು ನೋಡಿದೆ. ನೇರವಾಗಿ ಹೋಗಿ ಯಜಮಾನರಿಗೆ ಹೇಳಿದೆ: "ಏಳಿ. ಪಂಚೆ ಉಟ್ಕೊಳಿ. ಪಕ್ಕದ ಮನೆಗೆ ಕರೆಯೋಕೆ ಹೋಗ್ಬೇಕು."

"ಕರೆಯೋದು ಯಾತಕ್ಕೆ?"

"ಟೀಮಿಗೆ."

ನಮ್ಮ ಕಡೆ ಯಾವ ಒಳ್ಳೆಯ ಕೆಲಸಕ್ಕೆ ಕರೆಯುವುದಾದರೂ ಗಂಡಹೆಂಡತಿ ಜೊತೆಗೇ ಹೋಗಬೇಕು, ಕುಂಕುಮ ಕೊಟ್ಟು ಕರೆಯಬೇಕು, ಬರಿಗೈಯಲ್ಲಿ ಹೋಗಬಾರದು. ಬಾಯಿಮಾತಿಗೆ ಕರೆದರೆ ಅದು ಕರೆದ ಹಾಗಲ್ಲ. ಆ ಸ್ಪೇನಿನ ಹೆಂಗಸಿಗೆ ಈ ಪದ್ಧತಿ ಗೊತ್ತಿರಲಿಲ್ಲ, ಅದಕ್ಕೇ ಪಾಪ ಮೂರು ಸಲ ಹೋಗಬೇಕಾಯಿತು ಎಂದುಕೊಂಡೆ. ದೊಡ್ಡ ಬೆಳ್ಳಿ ತಟ್ಟೆ ತೆಗೆದೆ. ಕುಂಕುಮದ ಭರಣಿ, ವೀಳ್ಯದೆಲೆ, ಅಡಿಕೆ, ಒಂದು ಚಿಪ್ಪು ಬಾಳೆಹಣ್ಣು, ತೆಂಗಿನಕಾಯಿ, ಮೈಸೂರ್‌ಪಾಕು, ಮಲ್ಲಿಗೆ. ಇಷ್ಟಕ್ಕೇ ನಿಲ್ಲಿಸಬೇಕಿತ್ತು. ಕೈ ನಿಲ್ಲಲಿಲ್ಲ. ಪಾಟಿಗೆ ಇರಲಿ ಎಂದು ಒಂದು ರವಿಕೆ ಕಣ ಇಟ್ಟೆ. ಆ ಹುಡುಗಿಗೆ ಇರಲಿ ಎಂದು, ನಮ್ಮ ಕಡೆಯವರ ಅಂಗಡಿಗಳಿರುವ ಬ್ರಿಕ್‌ಫೀಲ್ಡ್ಸಿನಿಂದ ತಂದಿದ್ದ ಒಂದು ಡಜನ್ ಹಸಿರು ಬಳೆ ಇಟ್ಟೆ. ರೇಷ್ಮೆ ಸೀರೆ ಉಟ್ಟೆ.

"ಇಷ್ಟೆಲ್ಲ ಬೇಡ ಕಣೇ, ಚೆಂಡಾಟಕ್ಕೆ" ಎಂದರು ಯಜಮಾನರು.

"ನೀವು ಸುಮ್ನೆ ನನ್ನ ಹಿಂದೆ ಬನ್ನಿ" ಎಂದೆ.

ಬಾಗಿಲು ತೆಗೆದ ಪಾಟಿ ನನ್ನ ಸೀರೆ ನೋಡಿದರು, ಯಜಮಾನರ ಜರಿಪಂಚೆ ನೋಡಿದರು, ತಟ್ಟೆ ನೋಡಿದರು, ಬಳೆ ನೋಡಿದರು. ಮುಖ ಬಿಳಿಚಿಕೊಂಡಿತು. ಹಾಲಿನಲ್ಲಿ ಕೂತು ಓದುತ್ತಿದ್ದ ಮೊಮ್ಮಗಳಿಗೆ ಒಳಗೆ ಹೋಗು ಎಂದು ಕಣ್ಣಲ್ಲೇ ಹೇಳಿದರು. ನಮ್ಮನ್ನು ಕೂರಿಸಿದರು, ನೀರು ಕೊಟ್ಟರು. ಅವರು ಮಾತಾಡುವುದು ತಮಿಳು, ನಾನು ಮಾತಾಡುವುದು ಕನ್ನಡ, ಇಷ್ಟು ವರ್ಷ ಕಾಂಪೌಂಡಿನ ಮೇಲೆ ಹಾಗೇ ನಡೆದುಕೊಂಡು ಬಂದಿದೆ.

"ಅಕ್ಕಾ, ಒಳ್ಳೆ ಕೆಲಸಕ್ಕೆ ಕರೆಯೋಕೆ ಬಂದಿದೀವಿ. ಇಲ್ಲ ಅನ್ಬಾರ್ದು" ಎಂದು ನಾನು ತಟ್ಟೆ ಮುಂದೆ ಹಿಡಿದೆ.

ಪಾಟಿ ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡು ಹಿಂದಕ್ಕೆ ಸರಿದರು. ತಟ್ಟೆ ಮುಟ್ಟಲೇ ಇಲ್ಲ. ನಾನು ಇನ್ನೂ ಮುಂದೆ ಹಿಡಿದೆ. ಅವರು ಇನ್ನೂ ಹಿಂದೆ ಸರಿದರು. ಸೋಫಾದ ತುದಿಗೆ ಬಂದರು.

"ಮೈಸೂರಮ್ಮಾ," ಎಂದರು ಕೊನೆಗೆ. ಅವರು ನನ್ನನ್ನು ಕರೆಯುವುದೇ ಹಾಗೆ. "ನಿಮ್ಮ ಮನೆತನ ಒಳ್ಳೇದು. ನಿಮ್ಮ ಪೇರನ್ ಡಾಕ್ಟರಿಗೆ ಓದ್ತಾನೆ, ಕುಡಿಯಲ್ಲ, ಸೇದಲ್ಲ, ನೋಡೋಕೂ ಲಕ್ಷಣ. ನಾನು ಒಂದು ಕೊಂಕು ತೆಗೆಯಲ್ಲ. ಆದ್ರೆ ನಮ್ಮ ಪಾಪಾಗೆ ಹದಿಮೂರು! ಇದು ಮಲೇಷಿಯಾಮ್ಮಾ. ಪೊಲೀಸ್ ಬರ್ತಾರೆ!"

ಪೇರನ್ ಎಂದರೆ ಮೊಮ್ಮಗ. ಮೆಲಾಕಾದಲ್ಲಿ ಓದುತ್ತಿರುವ ನಮ್ಮ ಹುಡುಗನಿಗೆ ಹೆಣ್ಣು ಕೇಳಲು ಬಂದಿದ್ದೇವೆಂದು ಅವರು ತಿಳಿದಿದ್ದರು! ತಟ್ಟೆ ಮುಟ್ಟಿದರೆ ಒಪ್ಪಿದ ಹಾಗೆ ಎಂದು ಕೈ ಬಚ್ಚಿಟ್ಟುಕೊಂಡಿದ್ದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಯಜಮಾನರು ಮಾತ್ರ ಮೇಲ್ಛಾವಣಿಯ ಫ್ಯಾನು ನೋಡುತ್ತಾ, "ಬಳೆ ಬೇಡ ಅಂತ ನಾನು ಹೇಳ್ದೆ" ಎಂದರು. ಹೇಳಿರಲಿಲ್ಲ.

"ಅಯ್ಯೋ ಅಕ್ಕಾ, ಮದುವೆಗಲ್ಲ! ಫುಟ್‌ಬಾಲಿಗೆ!" ಎಂದು ನಾನು ಕೂಗಿದೆ.

ಒಳಗಿನ ಕೋಣೆಯಿಂದ ಆ ಹುಡುಗಿ ನಕ್ಕದ್ದು ಕೇಳಿಸಿತು. ಆಮೇಲೆ ಪಾಟಿ ನಕ್ಕರು. ನಕ್ಕು ನಕ್ಕು ಕನ್ನಡಕ ತೆಗೆದು ಒರೆಸಿಕೊಂಡರು. ಒಂದು ಸಲ ನಿಲ್ಲಿಸಿ, ಬಳೆ ನೋಡಿ, ಮತ್ತೆ ಶುರು ಮಾಡಿದರು. ಎಲ್ಲ ಮುಗಿದ ಮೇಲೆ ಗಂಟಲು ಸರಿಮಾಡಿಕೊಂಡು, "ಫುಟ್‌ಬಾಲಿಗೂ ಇಲ್ಲ" ಎಂದರು.

ಅಷ್ಟು ನಕ್ಕ ಮೇಲೂ ಹೀಗೆ! ತಟ್ಟೆಯನ್ನು ಟೀಪಾಯಿಯ ಮೇಲೆ ಇಟ್ಟೆ. ಕಾಫಿ ತಂದುಕೊಟ್ಟರು, ಕುಡಿದೆ. ಕಾಫಿ ಕುಡಿಯುವಾಗ ಆ ಸ್ಪೇನಿನ ಹೆಂಗಸು ನೆನಪಾದಳು. ಅವಳೂ ಹೀಗೆ ಯಾರದೋ ಮನೆಯಲ್ಲಿ ಲೋಟ ಹಿಡಿದು ಕೂತಿದ್ದಳಲ್ಲ. ಹಾಗೇ ಅವಳ ಕತೆಯನ್ನು ಹೇಳಲು ಶುರು ಮಾಡಿದೆ. ಕಲ್ಲು ಆರಿಸಿದ್ದು, ಚೀಲ ಹೊತ್ತದ್ದು, ಹೊರಡಿ ಎಂದಾಗ ಹೊರಟು ಮತ್ತೆ ಬಂದದ್ದು, ಬಿಳಿ ಕೂದಲಿನಾಕೆ ಬ್ಯಾಗು ಪಕ್ಕದವಳಿಗೆ ಕೊಟ್ಟು ಚೆಂಡು ಒದ್ದದ್ದು. ಗಂಧದಕಡ್ಡಿಯ ಕೋಣೆಯಲ್ಲಿ ಹೇಳುತ್ತಿದ್ದ ಹಾಗೆ, ಯಾವುದನ್ನೂ ಬಿಡದೆ ಹೇಳಿದೆ. ಪಾಟಿ ಬಾಗಿಲಿನ ಕಡೆ ನೋಡುತ್ತಾ ಕೇಳಿದರು.

"ಮೂರನೇ ಸಲ ಹೋದಳಲ್ಲ, ಆ ಮನೆಯವಳು ಏನಂದ್ಲು?" ಎಂದು ಕೇಳಿದರು.

"ಕಳಿಸಿದ್ಳಂತೆ ಅಕ್ಕಾ."

ಪಾಟಿ ನನ್ನ ಖಾಲಿ ಲೋಟ ತೆಗೆದು ಪಕ್ಕಕ್ಕೆ ಇಟ್ಟರು. ಆಮೇಲೆ ತಾವೇ ಹೇಳಿದರು. ಅವರು ಹುಟ್ಟಿದ್ದು ರಬ್ಬರ್ ತೋಟದ ಕೂಲಿಯವರ ಲೈನ್ ಮನೆಯಲ್ಲಿ. ತೋಟದ ಶಾಲೆಯಲ್ಲಿ ಓಟದ ಪಂದ್ಯ. ಬರಿಗಾಲಿನಲ್ಲಿ ಓಡಿ ಮೊದಲು ಬಂದು, ಹೂವಿನ ಚಿತ್ರವಿದ್ದ ಒಂದು ಪಿಂಗಾಣಿ ತಟ್ಟೆ ಗೆದ್ದಿದ್ದರು. ಮುಂದಿನ ವರ್ಷ ಅಪ್ಪ ಬೇಡ ಎಂದರು. ದೊಡ್ಡವಳಾದಳು, ಓಡಬಾರದು. "ನಮ್ಮ ಹೆಡ್‌ಮಾಸ್ಟರ್ ಒಂದು ಸಲ ಬಂದು ಅಪ್ಪನ್ನ ಕೇಳಿದ್ರೆ..." ಎಂದರು, ಅಲ್ಲಿಗೇ ಬಿಟ್ಟರು.

"ನಮ್ಮನೆಗೂ ಯಾರೂ ಬರ್ಲಿಲ್ಲ ಅಕ್ಕಾ" ಎಂದೆ.

ಅವರು ಎದ್ದು ಲೋಟಗಳನ್ನು ಅಡುಗೆಮನೆಯಲ್ಲಿ ಇಟ್ಟು ಬಂದರು. ನಾನು ಕುಂಕುಮದ ಭರಣಿ ಮುಂದೆ ಹಿಡಿದೆ, ತಮ್ಮ ಹಣೆಗೆ ಇಟ್ಟುಕೊಂಡರು, ನನಗೂ ಇಟ್ಟರು. ಹೂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. "ತಟ್ಟೆ ಇಲ್ಲೇ ಇರ್ಲಿ" ಎಂದರು, ಅಷ್ಟೇ.

ಗುರುವಾರ ಏನೂ ಇಲ್ಲ. ಪಕ್ಕದ ಮನೆಯ ಬಾಗಿಲು ಮುಚ್ಚಿತ್ತು. ಸಂಜೆ ಮಗ ಕೆಲಸದಿಂದ ಬಂದು ಎಲ್ಲ ಕೇಳಿ, "ಅಮ್ಮಾ, ನನ್ನ ಮಗನಿಗೆ ಹೆಣ್ಣು ನೋಡೋಕೆ ಹೋಗಿದ್ರಂತಲ್ಲ, ವರದಕ್ಷಿಣೆ ಚೆಂಡೇನಾ?" ಎಂದ. ಸೊಸೆ ಅವನ ಬೆನ್ನಿಗೆ ಒಂದು ಗುದ್ದಿದಳು. ಹುಡುಗಿ ಮಾತ್ರ ನಗಲಿಲ್ಲ. "ಇಟ್ಸ್ ಓಕೆ ಅಜ್ಜಿ, ಯೂ ಟ್ರೈಡ್" ಎಂದು ನನ್ನ ಭುಜದ ಮೇಲೆ ಗಲ್ಲ ಇಟ್ಟುಕೊಂಡು ಕೂತಳು. ನಾನೇ ಅತಿ ಮಾಡಿ ಕೆಡಿಸಿದೆನೋ ಎಂದುಕೊಂಡೆ. ಶನಿವಾರ ಮತ್ತೆ ಹೋಗಿ ಕೇಳೋಣವೆಂದರೆ ಶುಕ್ರವಾರಕ್ಕೇ ಗಡುವು.

ಶುಕ್ರವಾರ ಬೆಳಗ್ಗೆ ಶಾಲೆಯ ವ್ಯಾನು ಬಂದು ಹಾರ್ನ್ ಹೊಡೆಯುತ್ತಿತ್ತು. ಹುಡುಗಿ ಶೂ ಲೇಸು ಕಟ್ಟುತ್ತಿದ್ದಳು. ಗೇಟಿನ ಹೊರಗೆ ಪಾಟಿ ನಿಂತಿದ್ದರು, ಕೈಯಲ್ಲಿ ನಮ್ಮ ಬೆಳ್ಳಿ ತಟ್ಟೆ. ನಮ್ಮಲ್ಲಿ ಹೇಗೋ ಅವರಲ್ಲೂ ಹಾಗೆಯೇ, ಕೊಟ್ಟ ತಟ್ಟೆಯನ್ನು ಬರಿದಾಗಿ ವಾಪಸ್ಸು ಕೊಡುವುದಿಲ್ಲ. ಅದರ ತುಂಬ ಮುರುಕು. ಮುರುಕಿನ ಮೇಲೆ, ಗಾಳಿಗೆ ಹಾರದ ಹಾಗೆ ಒಂದು ನಿಂಬೆಹಣ್ಣು ಇಟ್ಟು, ಮಡಿಸಿದ ಕಾಗದ. ತಾಯಿ ಡ್ಯೂಟಿಯಿಂದ ಬಂದು ಸಹಿ ಮಾಡಿದ ಒಪ್ಪಿಗೆ ಪತ್ರ!

"ನಾನೇ ಕೊಡ್ಬೇಕು ಅಂತ ಬಂದೆ," ಎಂದರು ಪಾಟಿ. "ಬಳೆ ಇಟ್ಕೊಂಡಿದೀನಿ. ಗೋಲ್ ಹೊಡೆದ್ರೆ ಪಾಪಾಗೆ ಹಾಕ್ತೀನಿ."

ಅವರ ಹಿಂದಿನಿಂದ ಆ ಹುಡುಗಿ ಚಿಗರೆ ಹಾಗೆ ಹಾರಿ ಬಂದಳು. ಇಬ್ಬರೂ ತಬ್ಬಿಕೊಂಡು ರಸ್ತೆಯ ನಡುವೆ ಕಿರುಚಿದ್ದಕ್ಕೆ ವ್ಯಾನಿನ ಡ್ರೈವರು ಹಾರ್ನ್ ಹೊಡೆಯುವುದನ್ನೇ ಬಿಟ್ಟ. ಕಾಗದವನ್ನು ಪುಸ್ತಕದೊಳಗೆ ಇಟ್ಟು, ಆ ಪುಸ್ತಕವನ್ನು ಎದೆಗೆ ಒತ್ತಿಕೊಂಡು ಹೋದಳು ನಮ್ಮವಳು. ಮಧ್ಯಾಹ್ನದವರೆಗೆ ನಾನು ಒಂದು ಕೆಲಸವನ್ನೂ ನೆಟ್ಟಗೆ ಮಾಡಲಿಲ್ಲ. ಟೀಚರು ಒಪ್ಪುತ್ತಾರೋ, ತಡವಾಯಿತು ಎನ್ನುತ್ತಾರೋ ಎಂದು ಗಡಿಯಾರ ನೋಡುವುದೇ ಆಯಿತು. ಆಮೇಲೆ ಆ ಸಾಸಿವೆ ಕತೆ.

ಸಂಜೆ ಸೊಸೆ, "ಅತ್ತೆ, ಇವತ್ತು ನೀವು ಒಲೆ ಮುಟ್ಟಬೇಡಿ, ಮಾಮಕ್ ಅಂಗಡಿಯಿಂದ ತಪಾವ್ ತರಿಸೋಣ" ಎಂದಳು. ಇಲ್ಲಿ ತಮಿಳು ಮುಸ್ಲಿಮರ ಹೋಟೆಲಿಗೆ ಮಾಮಕ್ ಎನ್ನುತ್ತಾರೆ, ಕಟ್ಟಿಸಿಕೊಂಡು ಬರುವ ಊಟಕ್ಕೆ ತಪಾವ್. ತರಿಸಿ ಎಂದೆ, ಆದರೂ ಬಿಸಿಬೇಳೆಬಾತು ಮಾಡದೆ ಇರಲಾಗಲಿಲ್ಲ. ಮಗ ಬಂದರಿನಿಂದ ಬರುವಾಗ ನಮ್ಮ ಪರೋಟದಂಥ ರೊಟಿ ಚನಾಯಿ ಪೊಟ್ಟಣಗಳನ್ನು ಎರಡು ಕೈ ತುಂಬ ತಂದ. ಪಾಟಿ, ಮಗಳು, ಮೊಮ್ಮಗಳು, ಮೂವರೂ ಬಂದರು. ಊಟದ ಮೇಜು ಸಾಲದೆ ಹಾಲಿನಲ್ಲಿ ಚಾಪೆ ಹಾಸಿ ಕೂತೆವು. ಎಲ್ಲರೂ ಕೂತ ಮೇಲೆ ಮೆಲಾಕಾದ ಬಸ್ಸಿನಿಂದ ಇಳಿದು ದೊಡ್ಡ ಮೊಮ್ಮಗ ಬಂದ.

"ವಾಂಗ, ಮಾಪಿಳ್ಳೈ!" ಎಂದರು ಪಾಟಿ. ಬನ್ನಿ ಅಳಿಯಂದಿರೇ ಎಂದ ಹಾಗೆ.

ಅವನು ಬಾಗಿಲಿನಲ್ಲೇ ನಿಂತು, "ಏನಾಯ್ತು? ನಾನೇನು ಮಾಡ್ದೆ?" ಎಂದ. ಇಬ್ಬರು ಹುಡುಗಿಯರೂ ಚಾಪೆಯ ಮೇಲೆ ಉರುಳಿಬಿಟ್ಟರು. ಇಡೀ ಕತೆಯನ್ನು ಯಜಮಾನರು ಹೇಳಿದರು, ಬಳೆ ಬೇಡ ಎಂದು ತಾವು ಹೇಳಿದ್ದರೆಂಬ ಸುಳ್ಳನ್ನೂ ಸೇರಿಸಿ.

ಬಡಿಸುತ್ತಿರುವಾಗ ನಮ್ಮ ಹುಡುಗಿ ಒಂದು ಮಾತು ಹೇಳಿದಳು, ಅದೂ ಕನ್ನಡದಲ್ಲಿ. "ಅಜ್ಜಿ, ನಮ್ಮ ಟೀಮಿಗೂ ಚೀಲ ಮಾಡಿದೀವಿ. ಜೆರ್ಸಿ ಒಗೆಯೋಕೆ. ಟರ್ನ್ ಟರ್ನ್." ಬಾಗಿಲಿನ ಹತ್ತಿರ ತೋರಿಸಿದಳು. ನೀಲಿ ಬಟ್ಟೆಯ ದೊಡ್ಡ ಚೀಲ, ಶಾಲೆಯ ಹಳೆಯ ಜೆರ್ಸಿಗಳಿಂದ ಉಬ್ಬಿಕೊಂಡು ಕೂತಿತ್ತು. ಸೋಮವಾರ ಮೊದಲನೆಯ ಪ್ರಾಕ್ಟೀಸು.

"ಮೊದಲನೇ ಸಲ ನಮ್ಮನೇಲಿ" ಎಂದೆ ನಾನು.

"ಅದು ಹೇಗಮ್ಮಾ? ಕೊನೇಲಿ ಬಂದವಳು ನಮ್ಮ ಪಾಪಾ, ಮೊದಲ ಸರದಿ ನಮ್ಮದು" ಎಂದರು ಪಾಟಿ.

"ನೀವು ಇಲ್ಲ ಅಂದೋರು, ಅಕ್ಕಾ!"

"ನೀವು ಹೆಣ್ಣು ಕೇಳೋಕೆ ಬಂದೋರು!"

ಮಗ, "ಮಷೀನಿಗೆ ಹಾಕಿದ್ರೆ ಮುಗೀತಲ್ಲ" ಎಂದ. ನಾವಿಬ್ಬರೂ ಒಟ್ಟಿಗೇ ಅವನ ಕಡೆ ತಿರುಗಿದೆವು. ಅವನು ಬಾಯಿ ಮುಚ್ಚಿಕೊಂಡು ರೊಟಿ ಮುರಿದ. ಕೊನೆಗೆ ಕಂಡಕ್ಟರು ತೀರ್ಪು ಕೊಟ್ಟರು: ಭಾನುವಾರ ಬೆಳಗ್ಗೆ ನಮ್ಮ ಹಿತ್ತಲಿನ ಕಲ್ಲಿನಲ್ಲಿ ಇಬ್ಬರೂ ಒಗೆಯುವುದು, ಅವರ ಹಗ್ಗದ ಮೇಲೆ ಒಣಹಾಕುವುದು. ಪಾಟಿ ಆಗಲಿ ಎಂದು, ಬಿಸಿಬೇಳೆಬಾತಿನ ಸೌಟನ್ನು ನನ್ನ ಕೈಯಿಂದ ಕಿತ್ತುಕೊಂಡು, ನಮ್ಮ ಗೋಲಿಯ ತಟ್ಟೆಗೆ ಎರಡನೆಯ ಸಲ ಬಡಿಸಿದರು, ಮೇಲೆ ತುಪ್ಪ ಸುರಿದರು. ನಾನು ಅವರ ಓಟಗಾರ್ತಿಯ ತಟ್ಟೆಗೆ ಬಡಿಸಿದೆ. ಇಬ್ಬರೂ ಬೇಡ ಎನ್ನಲಿಲ್ಲ. ಎಲ್ಲರೂ ಊಟ ಮಾಡಿದೆವು.